ಸಕ್ಕರೆ ಕಾಯಿಲೆಯೂ ಇನ್ಸುಲಿನ್ನಿನ ಕಥೆಯೂ: ಒಂದಿಷ್ಟು ಇತಿಹಾಸ, ಒಂದಿಷ್ಟು ನೆನಪು



ಕಳೆದ ತಿಂಗಳು ಒಂದು ರಾತ್ರಿ ದಮ್ಮಾಮಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಅವನಿಗೀಗ ಐವತ್ತು ದಾಟಿದೆ. ಆದರೂ ನನ್ನೊಡನೆ ಮಾತನಾಡುವಾಗ ಎಂಟನೆಯ ತರಗತಿಯ ಹುಡುಗನಂತೆಯೇ ತಡವರಿಸುತ್ತಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಬಳಿಕ ಮೆಲ್ಲಗೆ ವಿಷಯಕ್ಕೆ ಬಂದ. "ಮಾಷ್ಟ್ರೇ, ಡಾಕ್ಟರು ಇನ್ಸುಲಿನ್ ಶುರು ಮಾಡಬೇಕು ಅಂತಿದ್ದಾರೆ. ಒಮ್ಮೆ ಶುರು ಮಾಡಿದರೆ ಮತ್ತೆ ಬಿಡಲಿಕ್ಕಿಲ್ಲವಂತೆ, ಅದು ಕೊನೆಯ ಹಂತವಂತೆ. ಮನೆಯವಳು ಎರಡು ದಿನದಿಂದ ಅಳುತ್ತಿದ್ದಾಳೆ. ನೀವು ಏನು ಹೇಳುತ್ತೀರಿ?"

ನಾನು ವೈದ್ಯನಲ್ಲ. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದವನು. ಅವನ ದೇಹಕ್ಕೆ ಏನು ಬೇಕೆಂದು ಹೇಳಬೇಕಾದವರು ಅವನ ವೈದ್ಯರೇ. ಆದರೆ "ಕೊನೆಯ ಹಂತ" ಎಂಬ ಆ ಮಾತನ್ನು ನಾನು ನನ್ನ ಆಯುಷ್ಯದಲ್ಲಿ ಮೂರು ಬಾರಿ ಬಲು ಹತ್ತಿರದಿಂದ ಕೇಳಿದ್ದೇನೆ. ಅದರ ಬೆಲೆಯೇನೆಂಬುದನ್ನೂ ಬಲ್ಲೆ. ಆದ್ದರಿಂದ ಅವನಿಗೆ, "ಸ್ವಲ್ಪ ತಾಳು, ನನಗೆ ತಿಳಿದ ಇತಿಹಾಸವನ್ನು ಬರೆಯುತ್ತೇನೆ, ಓದಿ ತೀರ್ಮಾನಿಸು" ಎಂದೆ. ಈ ಲೇಖನ ಆ ಮಾತಿನ ಫಲ. ನಮ್ಮ ಕುಟುಂಬದಲ್ಲಿಯೇ ಇದನ್ನು ಓದಬೇಕಾದವರು ನಾಲ್ಕಾರು ಮಂದಿ ಇದ್ದಾರೆ. ಅವರು ಯಾರೆಂದು ಅವರಿಗೇ ಗೊತ್ತು!

ಇರುವೆಗಳು ಹೇಳಿದ ಸತ್ಯ

ಮಧುಮೇಹವು ಈ ಕಾಲದ ಕಾಯಿಲೆಯೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಇಪ್ಪತ್ತು ಬಗೆಯ ಪ್ರಮೇಹಗಳ ವಿವರಣೆಯಿದೆ. ಅವುಗಳಲ್ಲಿ ಒಂದು ಮಧುಮೇಹ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುತ್ತವೆಂಬುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಇನ್ನೂ ಸೋಜಿಗದ ಸಂಗತಿಯೆಂದರೆ, ಸುಶ್ರುತನು ಇದರಲ್ಲಿ ಹುಟ್ಟಿನಿಂದ ಬಂದದ್ದು ಮತ್ತು ಅಪಥ್ಯದಿಂದ ಬಂದದ್ದು ಎಂದು ಎರಡು ವಿಧಗಳನ್ನು ಹೇಳಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಬೇರ್ಪಡಿಸಿದ್ದಾನೆ. ಇಂದಿನ ವೈದ್ಯಶಾಸ್ತ್ರದ ಒಂದನೆಯ ಮತ್ತು ಎರಡನೆಯ ಮಾದರಿಗಳನ್ನು ಇದು ನೆನಪಿಸುವುದಿಲ್ಲವೇ?

ಯುರೋಪಿನಲ್ಲಿ ಮೂತ್ರದ ಸಿಹಿಯನ್ನು ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ದಾಖಲಿಸಿದ್ದು ಹದಿನೇಳನೆಯ ಶತಮಾನದಲ್ಲಿ. ಆ ಸಿಹಿ ಸಕ್ಕರೆಯದೇ ಎಂದು 1776ರಲ್ಲಿ ತೋರಿಸಿದವನು ಮ್ಯಾಥ್ಯೂ ಡಾಬ್ಸನ್. ಆದರೆ ರೋಗವನ್ನು ಗುರುತಿಸುವುದು ಬೇರೆ, ಗುಣಪಡಿಸುವುದು ಬೇರೆ. ಎರಡು ಸಾವಿರ ವರ್ಷ ಮನುಷ್ಯನು ಈ ರೋಗವನ್ನು ನೋಡುತ್ತಲೇ ಇದ್ದ, ಕೈಯಲ್ಲಿ ಮದ್ದಿರಲಿಲ್ಲ.

ಹಂಚಿನ ಬಣ್ಣ

ನಮ್ಮ ಮನೆಗೆ ಇದು ಪ್ರವೇಶಿಸಿದ್ದು 1959ರಲ್ಲಿ. ಆಗ ನಾನು ಹದಿಮೂರು ವರ್ಷದ ಹುಡುಗ. ತಂದೆಯವರು ರಾತ್ರಿ ನಾಲ್ಕೈದು ಬಾರಿ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಹಿಂದಿರುಗಿ ಬಂದು ಒಂದು ಚೆಂಬು ನೀರು ಕುಡಿದು ಮಲಗುತ್ತಿದ್ದರು. ಬೆಳಿಗ್ಗೆ ಅಂಗಳದ ಆ ಮೂಲೆಯಲ್ಲಿ ಇರುವೆಗಳ ಸಾಲು ಕಂಡವರು ನನ್ನ ಅಜ್ಜಿ. ಅಜ್ಜಿ ಚರಕನನ್ನು ಓದಿದವರಲ್ಲ, ಅಕ್ಷರವನ್ನೇ ಕಲಿತವರಲ್ಲ. ಆದರೂ, "ಇವನಿಗೆ ಸಿಹಿಮೂತ್ರ ಬಂದಿದೆ" ಎಂದುಬಿಟ್ಟರು.

ಹಂಪನಕಟ್ಟೆಯ ಬಳಿ ಒಬ್ಬ ಹಿರಿಯ ವೈದ್ಯರಿದ್ದರು. ಅವರು ಒಂದು ಗಾಜಿನ ನಳಿಗೆಯನ್ನೂ ನೀಲಿ ದ್ರಾವಣದ ಸೀಸೆಯನ್ನೂ ಕೊಟ್ಟು, ಪರೀಕ್ಷೆಯ ಕ್ರಮವನ್ನು ತಿಳಿಸಿದರು. ಅದು ಬೆನೆಡಿಕ್ಟ್ ದ್ರಾವಣವೆಂದು ನನಗೆ ತಿಳಿದದ್ದು ಮುಂದೆ ಕಾಲೇಜಿನಲ್ಲಿ. ಐದು ಮಿಲಿಲೀಟರ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಗೆಂಪಾದರೆ ವಿಪರೀತ. ಅಮ್ಮ ಪ್ರತಿ ವಾರ ಸ್ಪಿರಿಟ್ ದೀಪ ಹಚ್ಚಿ ನಳಿಗೆಯನ್ನು ಇಕ್ಕಳದಲ್ಲಿ ಹಿಡಿಯುತ್ತಿದ್ದರು. ನಾವು ಮಕ್ಕಳು ಸುತ್ತ ನಿಂತು ಬಣ್ಣವನ್ನು ನೋಡುತ್ತಿದ್ದೆವು. ಮೊದಮೊದಲು ಹಸಿರು. ಎರಡು ವರ್ಷಗಳಲ್ಲಿ ಹಳದಿ. ಮತ್ತೆ ಒಂದು ದಿನ ಅಮ್ಮ ಏನೂ ಹೇಳದೆ ಮಾಡಿನತ್ತ ನೋಡಿದರು. ನಳಿಗೆಯೊಳಗಿನ ಬಣ್ಣವೂ ಮಾಡಿನ ಮೇಲಿನ ಹಂಚಿನ ಬಣ್ಣವೂ ಒಂದೇ ಆಗಿತ್ತು.

ಪಥ್ಯವನ್ನು ತಂದೆಯವರು ಶ್ರದ್ಧೆಯಿಂದಲೇ ಪಾಲಿಸುತ್ತಿದ್ದರು. ಹಲಸಿನ ಹಣ್ಣನ್ನು ಬಿಟ್ಟರು, ಕಾಫಿಗೆ ಬೆಲ್ಲ ಬಿಟ್ಟರು. ಏಕನಾಯಕನ ಬೇರಿನ ಕಷಾಯ, ಮೆಂತೆ, ಹಾಗಲಕಾಯಿಯ ರಸ, ಯಾವುದನ್ನೂ ಉಳಿಸಲಿಲ್ಲ. ಮಾತ್ರೆಗಳನ್ನೂ ನುಂಗಿದರು. ಆದರೂ ದೇಹ ಸೊರಗುತ್ತಲೇ ಹೋಯಿತು. 1963ರಲ್ಲಿ ವೈದ್ಯರು, "ಇನ್ನು ಇನ್ಸುಲಿನ್ ಚುಚ್ಚಬೇಕು" ಎಂದರು.

ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: "ಅದನ್ನು ಯಾವುದರಿಂದ ಮಾಡುತ್ತಾರೆ?"

ವೈದ್ಯರು ಸುಳ್ಳು ಹೇಳುವವರಲ್ಲ. "ದನದ ಮೇದೋಜೀರಕ ಗ್ರಂಥಿಯಿಂದ" ಎಂದರು. ತಂದೆಯವರು ಕೈಮುಗಿದು ಎದ್ದು ಬಂದರು. ದಾರಿಯುದ್ದಕ್ಕೂ ಮಾತಿಲ್ಲ. ಮನೆಯಲ್ಲಿ ಅಮ್ಮ ಎಷ್ಟು ಅತ್ತರೂ, "ಗೋಗ್ರಾಸ ಇಟ್ಟ ಕೈಗೆ ಅದನ್ನು ಚುಚ್ಚಿಕೊಳ್ಳಲಾರೆ" ಎಂದರಲ್ಲದೆ ಬೇರೆ ಮಾತಾಡಲಿಲ್ಲ.

ಅವರನ್ನು ನಾನು ಇಂದಿಗೂ ಮೂಢರೆಂದು ಕರೆಯಲಾರೆ. ಅದು ಅವರ ನಿಷ್ಠೆ. ಅದು ಅವರೊಬ್ಬರ ಸಂಕಟವೂ ಆಗಿರಲಿಲ್ಲ. ಮುಂದೆ ನನ್ನ ಸಹೋದ್ಯೋಗಿಯಾಗಿದ್ದ ಬಂದರಿನ ಮಾಸ್ತರರೊಬ್ಬರು ತಮ್ಮ ತಾಯಿಯ ಇನ್ಸುಲಿನ್ ಸೀಸೆಯನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದರು. ಹಂದಿಯಿಂದ ತೆಗೆದದ್ದಾಗಿರಬಾರದು, ದನದ್ದೇ ಆಗಬೇಕೆಂಬುದು ಅವರ ಹುಡುಕಾಟ. ಒಂದೇ ಊರಿನಲ್ಲಿ, ಒಂದೇ ಕಾಯಿಲೆಗೆ, ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಹುಡುಕುತ್ತಿದ್ದರು!

1967ರ ಆಟಿ ತಿಂಗಳು. ಧೋ ಎಂದು ಸುರಿಯುವ ಮಳೆ. ಬರಿಗಾಲಿನಲ್ಲಿ ದೇವಸ್ಥಾನಕ್ಕೆ ಹೋಗಿದ್ದ ತಂದೆಯವರ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿತು. ಅವರಿಗೆ ನೋವೇ ಆಗಲಿಲ್ಲ. ಆ ರೋಗವು ನರಗಳ ಅರಿವನ್ನು ಮೊದಲು ಕಸಿಯುತ್ತದೆಂದು ನಮಗೆ ಆಗ ತಿಳಿದಿರಲಿಲ್ಲ. ಗಾಯ ಕಪ್ಪಾಯಿತು. ಏಳು ವಾರಗಳಲ್ಲಿ ಎಲ್ಲವೂ ಮುಗಿಯಿತು. ಅವರಿಗೆ ಐವತ್ತಾರು. ಇನ್ಸುಲಿನ್ ತೆಗೆದುಕೊಂಡಿದ್ದರೆ ಖಂಡಿತ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಮನೆಯ ಜಗುಲಿಯಲ್ಲಿ ಕುಳಿತ ನೆಂಟರು ಅಂದು, "ಇನ್ಸುಲಿನ್ ಹೇಳಿದ್ದರಂತೆ, ಅಂದರೆ ಆಗಲೇ ಕೊನೆಯ ಹಂತ" ಎಂದು ಮಾತನಾಡಿಕೊಂಡದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಚುಚ್ಚದೇ ಇದ್ದ ಮದ್ದು ಕೆಟ್ಟ ಹೆಸರು ಪಡೆಯಿತು.

ಕುದ್ರುಗಳ ರಸ

ಹಾಗಾದರೆ ತಂದೆಯವರು ನಿರಾಕರಿಸಿದ ಆ ಸೀಸೆಯಲ್ಲಿ ಇದ್ದದ್ದೇನು? ಇಲ್ಲಿಂದ ಮುಂದೆ ಸ್ವಲ್ಪ ಪಾಠ. ಬೆಂಚಿನ ಮೇಲೆ ನೆಟ್ಟಗೆ ಕುಳಿತುಕೊಳ್ಳಿ.

ಜಠರದ ಹಿಂಭಾಗದಲ್ಲಿ ಮೇದೋಜೀರಕ ಗ್ರಂಥಿಯಿದೆ. 1869ರಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಉಳಿದ ಜೀವಕೋಶಗಳ ನಡುವೆ ಬೇರೆಯೇ ಬಗೆಯ ಕೋಶಗಳ ಗುಂಪುಗಳು ಕಂಡವು. ನಮ್ಮ ನೇತ್ರಾವತಿಯ ನಡುವೆ ಕುದ್ರುಗಳು ಇಲ್ಲವೇ, ಹಾಗೆ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ಒಂದು ನಾಯಿಯ ಆ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಅಂದರೆ ಸಕ್ಕರೆಯನ್ನು ಹದ್ದಿನಲ್ಲಿಡುವ ಯಾವುದೋ ರಸ ಅಲ್ಲಿಂದಲೇ ಬರುತ್ತದೆ ಎಂದಾಯಿತು. ಆ ರಸವು ಕೈಗೆ ಸಿಗುವ ಮೊದಲೇ ಅದಕ್ಕೆ ಹೆಸರು ಸಿದ್ಧವಾಗಿತ್ತು: ಇನ್ಸುಲಿನ್. ಲ್ಯಾಟಿನ್ ಭಾಷೆಯಲ್ಲಿ ಇನ್ಸುಲಾ ಎಂದರೆ ದ್ವೀಪ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕುದ್ರಿನ ರಸ.

ಅದನ್ನು ಹೊರತೆಗೆಯಲು ಅನೇಕರು ಪ್ರಯತ್ನಿಸಿ ಸೋತರು. ಆ ವರ್ಷಗಳಲ್ಲಿ ಮಧುಮೇಹ ಬಂದ ಮಕ್ಕಳಿಗೆ ಇದ್ದ ಏಕೈಕ ಚಿಕಿತ್ಸೆಯೆಂದರೆ ಉಪವಾಸ. ಅಮೆರಿಕದ ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಕ್ರಮದಂತೆ ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ, ಮರಣವನ್ನು ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಮುಂದೂಡುತ್ತಿದ್ದರು.

1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯ, ಚಾರ್ಲ್ಸ್ ಬೆಸ್ಟ್ ಎಂಬ ಸಹಾಯಕನೊಡನೆ ನಾಯಿಗಳ ಮೇಲೆ ಪ್ರಯೋಗಕ್ಕೆ ತೊಡಗಿದ. ಪ್ರಯೋಗಾಲಯ ಕೊಟ್ಟವರು ಪ್ರೊಫೆಸರ್ ಮೆಕ್ಲಿಯಡ್. ರಸವನ್ನು ಶುದ್ಧೀಕರಿಸಿದವರು ಜೇಮ್ಸ್ ಕೊಲಿಪ್. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅವನ ತೂಕ ಸುಮಾರು ಮೂವತ್ತು ಕಿಲೊ ಮಾತ್ರ. ಆ ರಸ ಶುದ್ಧವಾಗಿರಲಿಲ್ಲ; ಪ್ರಯೋಜನವಾಗಲಿಲ್ಲ. ಹನ್ನೆರಡು ದಿನ ಕೊಲಿಪ್ ಹಗಲಿರುಳು ದುಡಿದ ಬಳಿಕ, ಜನವರಿ 23ರಂದು ಕೊಟ್ಟ ಮದ್ದು ಫಲಿಸಿತು. ಸಾವಿನ ಬಾಗಿಲಲ್ಲಿದ್ದ ಆ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ.

ಕಾಲಾನುಕ್ರಮವನ್ನು ಗಮನಿಸಿ. ಆ ವರ್ಷ ನನ್ನ ತಂದೆಯವರು ಇಲ್ಲಿ ಮಂಗಳೂರಿನಲ್ಲಿ ಹನ್ನೊಂದು ವರ್ಷದ ಬಾಲಕ. ಎಂದರೆ ಇನ್ಸುಲಿನ್ ಅವರಿಗಿಂತ ಹನ್ನೊಂದು ವರ್ಷ ಕಿರಿಯದು!

1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬ್ಯಾಂಟಿಂಗ್ ತನ್ನ ಹಣವನ್ನು ಬೆಸ್ಟ್ ಜೊತೆಗೆ, ಮೆಕ್ಲಿಯಡ್ ತನ್ನ ಹಣವನ್ನು ಕೊಲಿಪ್ ಜೊತೆಗೆ ಹಂಚಿಕೊಂಡರು. ಇನ್ಸುಲಿನ್ನಿನ ಹಕ್ಕುಸ್ವಾಮ್ಯವನ್ನು ಸಂಶೋಧಕರು ವಿಶ್ವವಿದ್ಯಾನಿಲಯಕ್ಕೆ ಮಾರಿದ್ದು ತಲಾ ಒಂದು ಡಾಲರಿಗೆ. ಇದು ಎಲ್ಲರಿಗೂ ಸಿಗಬೇಕಾದ ಮದ್ದು ಎಂಬುದು ಅವರ ಉದ್ದೇಶವಾಗಿತ್ತು.

ನಮ್ಮ ಊರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಮದ್ರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಅವರು ಮಧುಮೇಹಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯ ತೆರೆದದ್ದು 1948ರಲ್ಲಿ. 1954ರಲ್ಲಿ ರಾಯಪುರಂನಲ್ಲಿ ಆ ಕಾಯಿಲೆಗೆಂದೇ ಆಸ್ಪತ್ರೆಯನ್ನೂ ಕಟ್ಟಿದರು. ಇತ್ತ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದ ಬಳಿಕ ಅದರ ವಿದ್ಯಾರ್ಥಿಗಳು ನಮ್ಮ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿಯತೊಡಗಿದರು. ಅಂದರೆ 1963ರಲ್ಲಿ ತಂದೆಯವರಿಗೆ ಮದ್ದೂ ಇತ್ತು, ವೈದ್ಯರೂ ಇದ್ದರು.

ಬಾಗಿಲು ಮತ್ತು ಬೀಗದ ಕೈ

ಇನ್ಸುಲಿನ್ ಮಾಡುವ ಕೆಲಸವಾದರೂ ಏನು? ನಾವು ಉಣ್ಣುವ ಗಂಜಿ, ನೀರುದೋಸೆ, ಬನ್ಸ್ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಗ್ಲೂಕೋಸ್ ಜೀವಕೋಶದೊಳಗೆ ಹೋದರೆ ಮಾತ್ರ ಅದು ಶಕ್ತಿಯಾಗುತ್ತದೆ. ಸ್ನಾಯುಗಳ ಮತ್ತು ಕೊಬ್ಬಿನ ಕೋಶಗಳ ಬಾಗಿಲು ತೆರೆಯುವ ಬೀಗದ ಕೈ ಇನ್ಸುಲಿನ್. ಒಂದನೆಯ ಮಾದರಿಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಬೀಗದ ಕೈಯೇ ಇರುವುದಿಲ್ಲ. ಎರಡನೆಯ ಮಾದರಿಯಲ್ಲಿ ಮೊದಲು ಬೀಗ ತುಕ್ಕು ಹಿಡಿಯುತ್ತದೆ. ಗ್ರಂಥಿ ಹೆಚ್ಚು ಹೆಚ್ಚು ಕೈಗಳನ್ನು ಮಾಡಿ ಮಾಡಿ ದಣಿಯುತ್ತದೆ. ಕ್ರಮೇಣ ಅದರ ಉತ್ಪಾದನೆಯೂ ಕುಗ್ಗುತ್ತದೆ. ಬಾಗಿಲ ಹೊರಗೆ ಅನ್ನದ ರಾಶಿ, ಮನೆಯೊಳಗೆ ಹಸಿವು: ಇದೇ ಮಧುಮೇಹ. ಹೊರಗೆ ಉಳಿದ ಆ ಸಕ್ಕರೆಯು ವರ್ಷಾನುಗಟ್ಟಲೆ ರಕ್ತನಾಳಗಳನ್ನು ಕೆಡಿಸುತ್ತ ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಮುಟ್ಟುತ್ತದೆ.

ಆದ್ದರಿಂದ ಇನ್ಸುಲಿನ್ ಎಂಬುದು ದೇಹಕ್ಕೆ ಹೊರಗಿನ ವಿಷವಲ್ಲ. ನಮ್ಮೊಳಗೆ ಇರಬೇಕಾಗಿದ್ದು ಕಡಿಮೆಯಾದದ್ದನ್ನು ತುಂಬಿಕೊಡುವುದು, ಅಷ್ಟೆ. ಈ ಸರಳ ಸಂಗತಿಯನ್ನು ನನಗೆ ಮನದಟ್ಟು ಮಾಡಿದ್ದು ಪುಸ್ತಕವಲ್ಲ, ಒಬ್ಬ ವಿದ್ಯಾರ್ಥಿ.

ಬೆಂಚಿನ ಮೇಲೆ ನಿಂತ ಹುಡುಗ

ಇದನ್ನು ಬರೆಯಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು. 1986. ಎಂಟನೆಯ ತರಗತಿ. ಆಟದ ಅವಧಿ ಮುಗಿದು ಮಕ್ಕಳು ನನ್ನ ಇತಿಹಾಸದ ತರಗತಿಗೆ ಬಂದಿದ್ದರು. ಮೂರನೆಯ ಸಾಲಿನ ತೆಳ್ಳನೆಯ ಹುಡುಗನೊಬ್ಬ ಕಿಸೆಯಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಂಡ. ತರಗತಿಯಲ್ಲಿ ತಿನ್ನಬಾರದೆಂಬುದು ನನ್ನ ಕಟ್ಟುನಿಟ್ಟು. ಅದನ್ನು ಉಗುಳಿಸಿದೆ. ಒಂದು ಬೆಲ್ಲದ ತುಂಡು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ಪಾಠ ಮುಂದುವರಿಸಿದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಕೇಳಲಿಲ್ಲ.

ಹತ್ತು ನಿಮಿಷವೂ ಆಗಿರಲಿಲ್ಲ. ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು, ಕುಸಿದುಬಿದ್ದ. ಪಕ್ಕದ ಹುಡುಗ, "ಸಾರ್, ಅವನಿಗೆ ಸಕ್ಕರೆ ಕೊಡಿ, ಸಕ್ಕರೆ!" ಎಂದು ಕೂಗುತ್ತಲೇ ಅಡುಗೆ ಕೋಣೆಗೆ ಓಡಿದ. ಪುಣ್ಯಕ್ಕೆ ಅವನಿಗಿನ್ನೂ ಪ್ರಜ್ಞೆಯಿತ್ತು. ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಎದ್ದು ಕುಳಿತು, "ಸಾರಿ ಸಾರ್" ಎಂದ. ಕ್ಷಮೆ ಕೇಳಿದವನು ಅವನು!

ಮರುದಿನ ಅವನ ತಾಯಿ ಬಂದರು. ಬೈಯಲು ಬಂದಿದ್ದಾರೆಂದು ಭಾವಿಸಿದ್ದೆ. ಅವರು ತಿಳಿಸಿ ಹೇಳಲು ಬಂದಿದ್ದರು. ಹುಡುಗನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಮಧುಮೇಹ ಬಂದಿತ್ತು. ದಿನಕ್ಕೆ ಎರಡು ಬಾರಿ ಇನ್ಸುಲಿನ್. ಗಾಜಿನ ಸಿರಿಂಜನ್ನು ಬೆಳಿಗ್ಗೆ ಕುದಿಸುವುದು ತಾಯಿಯ ಕೆಲಸ, ಚುಚ್ಚಿಕೊಳ್ಳುವುದು ಅವನದೇ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಪಾತ್ರೆಯಲ್ಲಿ ಸೀಸೆ ಇಡುತ್ತಿದ್ದರು. ಹೆಚ್ಚು ಆಡಿದ ದಿನ ಸಕ್ಕರೆ ತೀರ ಇಳಿಯುವುದುಂಟು. ಅದಕ್ಕೆಂದೇ ಕಿಸೆಯಲ್ಲಿ ಬೆಲ್ಲ.

ನನಗೆ ತಂದೆಯವರ ನೆನಪಾಯಿತು. ತಡೆಯಲಾರದೆ ಕೇಳಿಬಿಟ್ಟೆ: "ಅಮ್ಮಾ, ಅದು ದನದಿಂದ ತೆಗೆದದ್ದೆಂದು ನಿಮಗೆ ತೊಂದರೆ ಅನ್ನಿಸಲಿಲ್ಲವೇ?" ಆಕೆ ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ಮಾಷ್ಟ್ರೇ, ಯಾವುದರಿಂದ ತೆಗೆದದ್ದೆಂದು ನಾನು ಕೇಳಲಿಕ್ಕೆ ಹೋಗಲಿಲ್ಲ. ನನ್ನ ಮಗ ಬದುಕಿ ಉಳಿಯಬೇಕಿತ್ತು."

ಆ ವರ್ಷ ಪೂರ್ತಿ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಬೆಲ್ಲದ ಡಬ್ಬಿ ಇತ್ತು. ಅದು ಯಾಕೆಂದು ಆಗ ಕೇಳಿದ ನಿಮ್ಮಲ್ಲಿ ಕೆಲವರಿಗೆ ಇಂದು ಉತ್ತರ ಕೊಟ್ಟಂತಾಯಿತು.

ತಂದೆಯವರ ಪ್ರಶ್ನೆಗೆ ಉತ್ತರ

"ಯಾವುದರಿಂದ ಮಾಡುತ್ತಾರೆ?" ಎಂದು ತಂದೆಯವರು ಕೇಳಿದ ಪ್ರಶ್ನೆಗೆ ವಿಜ್ಞಾನವು ನಿಧಾನವಾಗಿ ಬೇರೊಂದು ಉತ್ತರವನ್ನು ಸಿದ್ಧಪಡಿಸುತ್ತಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ 1955ರ ಹೊತ್ತಿಗೆ ಇನ್ಸುಲಿನ್ನಿನ ಅಮೈನೋ ಆಮ್ಲಗಳ ಕ್ರಮವನ್ನು ಪೂರ್ತಿಯಾಗಿ ಓದಿದ್ದರು. 1958ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯನ ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲಗಳು. ಹಂದಿಯದಕ್ಕೂ ಇದಕ್ಕೂ ಒಂದೇ ಒಂದು ವ್ಯತ್ಯಾಸ, ದನದ್ದಕ್ಕೆ ಮೂರು. ಅದಕ್ಕಾಗಿಯೇ ಪ್ರಾಣಿಗಳ ರಸ ನಮ್ಮಲ್ಲಿ ಕೆಲಸ ಮಾಡುತ್ತಿತ್ತು. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ ಅವರ ತಂಡ ಇನ್ಸುಲಿನ್ನಿನ ಆಕಾರವನ್ನೇ ಬಿಡಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಎಂಬ ಭಾರತೀಯ ತರುಣ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಇಂತಹ ಸಂಶೋಧನೆಗೆ ಈ ದೇಶದಲ್ಲಿ ಅಡಿಪಾಯ ಹಾಕಿದರು.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿನ ಸೂತ್ರವನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ, ಅದರಿಂದಲೇ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಒಪ್ಪಿಗೆ ಪಡೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಹೊರತಂದಿತು. ಯೀಸ್ಟ್ ಎಂದರೆ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳ ಕುಲ. ದನವೂ ಬೇಡ, ಹಂದಿಯೂ ಬೇಡ.

ನಾನು ನಿವೃತ್ತನಾದದ್ದು ಅದೇ 2004ರಲ್ಲಿ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ತಂದೆಯವರ ಭಾವಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಅವರ ಪ್ರಶ್ನೆಗೆ ಉತ್ತರ ದೊರಕಿತ್ತು. ಅವರು ಇರಲಿಲ್ಲ.

ನನ್ನ ಸರದಿ

ಇಷ್ಟೆಲ್ಲ ಬಲ್ಲವನು ನಾನೇನು ಮಾಡಿದೆ? ನನಗೆ ಮಧುಮೇಹವೆಂದು ತಿಳಿದದ್ದು 1998ರಲ್ಲಿ. ಹನ್ನೊಂದು ವರ್ಷ ಮಾತ್ರೆಗಳು ನಡೆಸಿಕೊಟ್ಟವು. 2009ರಲ್ಲಿ ನನ್ನ ಎಚ್‌ಬಿಎ1ಸಿ 10.4 ಆಗಿತ್ತು. ಇದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆ; 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ವೈದ್ಯರು ಇನ್ಸುಲಿನ್ ಎಂದರು. ನಾನು ಮೂರು ತಿಂಗಳ ಸಮಯ ಕೇಳಿದೆ. ಅದನ್ನು ಮೂರು ವರ್ಷಕ್ಕೆ ಎಳೆದೆ!

ನನಗೆ ದನದ ನೆಪವಿರಲಿಲ್ಲ. ಜಗುಲಿಯಲ್ಲಿ ಕೇಳಿದ ಆ "ಕೊನೆಯ ಹಂತ" ಎಂಬ ಮಾತು ಮಾತ್ರ ಇತ್ತು. ಹಿತ್ತಿಲಲ್ಲಿ ಯಾರೋ ಕೊಟ್ಟ "ಇನ್ಸುಲಿನ್ ಗಿಡ" ನೆಟ್ಟು ದಿನಕ್ಕೆರಡು ಎಲೆ ಜಗಿದೆ. ನಮ್ಮ ಊರಿನ ಅರ್ಧ ಹಿತ್ತಿಲುಗಳಲ್ಲಿ ಈಗ ಅದಿದೆ. ಹೆಸರು ಹಾಗಿದ್ದರೂ ಅದರೊಳಗೆ ಇರುವುದು ಇನ್ಸುಲಿನ್ ಅಲ್ಲ. ಒಂದು ವೇಳೆ ಇದ್ದರೂ ಪ್ರಯೋಜನವಿಲ್ಲ. ಇನ್ಸುಲಿನ್ ಒಂದು ಪ್ರೋಟೀನು, ಬಾಯಿಯಿಂದ ನುಂಗಿದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಚುಚ್ಚಲೇಬೇಕಾದ್ದು ಅದಕ್ಕಾಗಿಯೇ.

2012ರಲ್ಲಿ ಪತ್ರಿಕೆಯ ಅಕ್ಷರಗಳ ಮೇಲೆ ಜೇಡರ ಬಲೆಯಂತಹದ್ದೇನೋ ಕಾಣತೊಡಗಿತು. ಅಕ್ಷಿಪಟಲದಲ್ಲಿ ರಕ್ತ ಜಿನುಗಿತ್ತು. ಲೇಸರ್ ಚಿಕಿತ್ಸೆಯಾಯಿತು. ಬಲಗಣ್ಣು ಉಳಿಯಿತು, ಎಡಗಣ್ಣಿನಲ್ಲಿ ಓದಲು ಇಂದಿಗೂ ಆಗುವುದಿಲ್ಲ. ಅದೇ ವಾರ ಇನ್ಸುಲಿನ್ ಆರಂಭಿಸಿದೆ. ರಾತ್ರಿ ಮಲಗುವಾಗ ಹತ್ತು ಯೂನಿಟ್. ಸೂಜಿ ಎಷ್ಟು ತೆಳುವೆಂದರೆ, ಮೊದಲ ದಿನ ಚುಚ್ಚಿತೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಿದೆ. ಇದಕ್ಕೆ ನಾನು ಮೂರು ವರ್ಷ ಹೆದರಿದ್ದೆ. ಒಂದು ಕಣ್ಣು ಕೊಟ್ಟಿದ್ದೆ.

ಬಹಳ ಮಂದಿ ಇದನ್ನು ತಮ್ಮ ಸೋಲೆಂದು ತಿಳಿಯುತ್ತಾರೆ: "ನಾನು ಪಥ್ಯ ಸರಿಯಾಗಿ ಮಾಡಲಿಲ್ಲ, ಅದಕ್ಕೆ ಈ ಶಿಕ್ಷೆ." 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘ ಅಧ್ಯಯನವೊಂದು ತೋರಿಸಿದ್ದು ಬೇರೆ. ಎರಡನೆಯ ಮಾದರಿಯ ಮಧುಮೇಹ ಪತ್ತೆಯಾಗುವ ಹೊತ್ತಿಗೇ ಗ್ರಂಥಿಯ ಇನ್ಸುಲಿನ್ ತಯಾರಿಕೆಯ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ವರ್ಷ ಕಳೆದಂತೆ ಇನ್ನೂ ಇಳಿಯುತ್ತದೆ. ನಾಲ್ವತ್ತರ ಬಳಿಕ ಕನ್ನಡಕ ಬಂದರೆ ಅದು ಶಿಕ್ಷೆಯೇ? ಸಕ್ಕರೆಯನ್ನು ಹದ್ದಿನಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಹಾನಿ ಕಡಿಮೆಯಾಗುತ್ತದೆಂದು ಆ ಅಧ್ಯಯನವೂ, ಒಂದನೆಯ ಮಾದರಿಯವರ ಬಗ್ಗೆ 1993ರಲ್ಲಿ ಬಂದ ಅಮೆರಿಕದ ಇನ್ನೊಂದು ಅಧ್ಯಯನವೂ ಸಾಧಿಸಿವೆ. ಮಾತ್ರೆ ಸಾಲದಾದಾಗ ಇನ್ಸುಲಿನ್ ಎಷ್ಟು ಬೇಗ ಬಂದರೆ ಅಷ್ಟು ಹೆಚ್ಚು ಉಳಿಯುತ್ತದೆ. ತಡಮಾಡಿ ಆರಂಭಿಸಿದವರನ್ನು ಕಂಡು ಜನ ಅದಕ್ಕೆ "ಕೊನೆಯ ಹಂತ" ಎಂದು ಹೆಸರಿಟ್ಟರು. ಕೊನೆಗೆ ತಳ್ಳಿದವರು ನಾವೇ.

ಕೆಲವು ಎಚ್ಚರಿಕೆಗಳು

ದಮ್ಮಾಮಿನ ಶಿಷ್ಯನಿಗೆ ಮತ್ತು ಅವನಂತೆ ಎರಡು ದೇಶಗಳ ನಡುವೆ ಓಡಾಡುವವರಿಗೆ ಮುಖ್ಯವಾದ ಮಾತು. ಭಾರತದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹುಪಾಲು ಮಿಲಿಲೀಟರಿಗೆ 40 ಯೂನಿಟಿನದು. ಹೊರದೇಶಗಳಲ್ಲಿ ಮತ್ತು ಪೆನ್ನುಗಳಲ್ಲಿ ಸಾಮಾನ್ಯವಾಗಿ 100 ಯೂನಿಟಿನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಮದ್ದನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್! ಸೀಸೆಯ ಸಂಖ್ಯೆಯೂ ಸಿರಿಂಜಿನ ಸಂಖ್ಯೆಯೂ ಒಂದೇ ಇದೆಯೇ ಎಂದು ಪ್ರತಿ ಬಾರಿ ನೋಡು.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿದು ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ನನ್ನು ಫ್ರಿಜ್ಜಿನ ಬಾಗಿಲಿನಲ್ಲಿಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇಡ; ಹೆಪ್ಪುಗಟ್ಟಿದ ಮದ್ದು ಕೆಟ್ಟಂತೆಯೇ. ಬರಿಗಾಲಲ್ಲಿ ನಡೆಯಬೇಡಿ. ರಾತ್ರಿ ಪಾದಗಳನ್ನು ಒಮ್ಮೆ ನೋಡಿಕೊಳ್ಳಿ. ಕುಚ್ಚಲಕ್ಕಿಯ ಗಂಜಿ ಒಳ್ಳೆಯದೆಂದು ಮೂರು ಬಟ್ಟಲು ಉಣ್ಣುವುದೂ ಅಪಥ್ಯವೇ. ಇನ್ಸುಲಿನ್ ಇದೆಯೆಂದು ಗಡ್‌ಬಡ್ ಐಸ್‌ಕ್ರೀಮಿಗೆ ಪರವಾನಗಿ ಸಿಕ್ಕಿತೆಂದೂ ಭಾವಿಸಬೇಡಿ!

ನವೆಂಬರ್ 14

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ನಾವು ಒಬ್ಬಂಟಿಗರಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕೋ, ಚಿಂತಿಸಬೇಕೋ ನೀವೇ ಹೇಳಿ.

ಶಾಲೆಯಲ್ಲಿ ನವೆಂಬರ್ 14 ನಮಗೆ ಮಕ್ಕಳ ದಿನಾಚರಣೆ, ನೆಹರೂ ಅವರ ಜನ್ಮದಿನ. ಅದೇ ದಿನ 1891ರಲ್ಲಿ ಬ್ಯಾಂಟಿಂಗ್ ಹುಟ್ಟಿದ್ದೆಂದೂ, ಅದಕ್ಕಾಗಿ ಅದು ವಿಶ್ವ ಮಧುಮೇಹ ದಿನವೂ ಹೌದೆಂದೂ ನನಗೆ ತಿಳಿದದ್ದು ನಿವೃತ್ತಿಯ ಅಂಚಿನಲ್ಲಿ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ನನಗೊಂದು ಕರೆ ಬರುತ್ತದೆ. ಬೆಂಚಿನ ಮೇಲೆ ನಿಂತ ಆ ಹುಡುಗನದು. ಅವನಿಗೆ ಈಗ ಐವತ್ತು ದಾಟಿದೆ. ಇಬ್ಬರು ಮಕ್ಕಳ ತಂದೆ. ನಲ್ವತ್ತು ವರ್ಷಕ್ಕೂ ಮಿಕ್ಕಿ ದಿನವೂ ಚುಚ್ಚಿಕೊಂಡು ಬದುಕಿದ್ದಾನೆ. ಅವನ ಎರಡು ಕಣ್ಣುಗಳೂ ಚೆನ್ನಾಗಿವೆ. ನನ್ನ ಕಣ್ಣಿನ ಸ್ಥಿತಿ ಕೇಳಿ, "ಸಾರ್, ನೀವು ನನ್ನನ್ನು ಮೊದಲೇ ಕೇಳಬಹುದಿತ್ತಲ್ಲ" ಎಂದಿದ್ದ. ನಿಜ. ಅಂದೂ ನಾನು ಅವನ ಮಾತು ಕೇಳಿರಲಿಲ್ಲ.

ಅವನಿಗೆ ಇದು ಕೊನೆಯ ಹಂತವಾಗಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಅದು ಬದುಕಿನ ಮೊದಲ ಹಂತವಾಗಿತ್ತು. ದಮ್ಮಾಮಿನಲ್ಲಿರುವ ನನ್ನ ಪ್ರಿಯ ಶಿಷ್ಯನೇ, ನಿನ್ನ ವೈದ್ಯರು ಹೇಳಿದಂತೆ ಮಾಡು. ಮನೆಯವಳಿಗೆ ಈ ಲೇಖನವನ್ನು ಓದಿ ಹೇಳು. ಆರಂಭಿಸಿದ ದಿನ ನನಗೊಂದು ಫೋನ್ ಮಾಡು. ನಾನೂ ಆ ರಾತ್ರಿಯ ನನ್ನ ಪಾಲನ್ನು ಚುಚ್ಚಿಕೊಂಡು ಎಚ್ಚರವಾಗಿಯೇ ಇರುತ್ತೇನೆ.

ಎಲ್ಲರಿಗೂ ಶುಭವಾಗಲಿ.